ಮನೆತನ, ಭೂಮಿ ಮತ್ತು ಕಾಯುವ ಶಕ್ತಿ: ಉತ್ತರ ಕನ್ನಡದ ಹಳ್ಳಿಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಹಿರಿಯರು ಹೊಸಬರನ್ನು ಮೊದಲು ಕೇಳುವುದು "ತಮ್ಮದು ಯಾವ ಮನೆ ಆಯಿತು?" ಎಂದು. ಹೆಸರು, ಉದ್ಯೋಗಗಳ ವಿಚಾರಣೆ ಆಮೇಲಿನದು. ಮನೆ ಯಾವುದೆಂದು ತಿಳಿದರೆ ತೋಟವೆಷ್ಟು, ಗದ್ದೆ ಎಲ್ಲಿ, ಅಜ್ಜನ ಕಾಲದಲ್ಲಿ ಒಡೆಯರಾಗಿದ್ದರೋ ಒಕ್ಕಲಾಗಿದ್ದರೋ ಎಂಬುದೆಲ್ಲ ಕೇಳದೆಯೇ ತಿಳಿದುಹೋಗುತ್ತದೆ. ಹಾಗೆ ತಿಳಿದುಹೋಗುವುದಾದರೂ ಏಕೆ ಎಂಬುದನ್ನು ಶಿರಸಿ, ಅಂಕೋಲಾ, ಕಾರವಾರದ ಕಡೆಯ ಯುವಕರು ನನ್ನನ್ನು ಮತ್ತೆ ಮತ್ತೆ ಕೇಳಿದ್ದಾರೆ. ಆ ಪ್ರಶ್ನೆಗಳನ್ನೂ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಹಳ್ಳಿಯಲ್ಲಿ ಸಂಪತ್ತು ಎಂದರೆ ಏನು? ಬ್ಯಾಂಕಿನಲ್ಲಿರುವ ಹಣವೇ?

ಅಲ್ಲ, ಬಹುಪಾಲು ಅದು ಭೂಮಿ. 2019ರ ಅಖಿಲ ಭಾರತ ಸಾಲ ಮತ್ತು ಹೂಡಿಕೆ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕುಟುಂಬಗಳ ಒಟ್ಟು ಆಸ್ತಿಯಲ್ಲಿ ಸುಮಾರು ಶೇಕಡಾ 69 ಭಾಗ ಜಮೀನು, ಶೇಕಡಾ 22 ಭಾಗ ಕಟ್ಟಡ. ಹಳ್ಳಿಗಳ ಮೇಲ್ತುದಿಯ ಶೇಕಡಾ 10 ಕುಟುಂಬಗಳ ಕೈಯಲ್ಲಿ ಒಟ್ಟು ಆಸ್ತಿಯ ಅರ್ಧಕ್ಕಿಂತ ತುಸು ಹೆಚ್ಚು ಪಾಲಿದ್ದರೆ, ಕೆಳಗಿನ ಅರ್ಧದಷ್ಟು ಕುಟುಂಬಗಳಿಗೆಲ್ಲ ಸೇರಿ ದಕ್ಕಿರುವುದು ಸುಮಾರು ಶೇಕಡಾ 10 ಮಾತ್ರ. ಸಂಬಳವನ್ನು ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲೇ ಗಳಿಸಿ ತನ್ನ ಆಯುಷ್ಯದಲ್ಲೇ ಮುಗಿಸಬಹುದು. ಭೂಮಿಯನ್ನು ಹೆಚ್ಚಿನವರು ಗಳಿಸುವುದಿಲ್ಲ, ಪಡೆಯುತ್ತಾರೆ. ಹಳ್ಳಿಯ ಸಿರಿತನ ಬಡತನಗಳ ಮಾತು ಎತ್ತಿದ ಕೂಡಲೇ ಅಪ್ಪ, ಅಜ್ಜ, ಮುತ್ತಜ್ಜಂದಿರ ಮಾತು ಬರುವುದು ಈ ಕಾರಣಕ್ಕೆ.

ಒಂದೇ ಊರು, ಒಂದೇ ಮಳೆ, ಒಂದೇ ಬೆಳೆ. ಆದರೂ ಪಕ್ಕಪಕ್ಕದ ಎರಡು ಮನೆಗಳು ಬೇರೆ ಬೇರೆ ದಾರಿ ಹಿಡಿಯುವುದೇಕೆ?

ಕಾರಣಗಳು ಹಲವಿದ್ದರೂ, ನನ್ನ ಮಟ್ಟಿಗೆ ಉಳಿದೆಲ್ಲವುಗಳ ತಳದಲ್ಲಿರುವುದು ಒಂದೇ: ಕಾಯುವ ಶಕ್ತಿ. ಹಿರಿಯರು ಬಿಟ್ಟುಹೋದ ಆಸ್ತಿಯ ದೊಡ್ಡ ಉಪಯೋಗ ಎಂದರೆ ಅವಸರವಿಲ್ಲದೆ ಇರಲು ಅದು ಕೊಡುವ ಅವಕಾಶ.

ಶಿರಸಿ ಕಡೆಯ ಎರಡು ಅಂಗಳಗಳನ್ನು ಎದುರಿಗಿಟ್ಟುಕೊಂಡು ನೋಡೋಣ. ಒಂದು ಮನೆಯವರು ಹಣ್ಣಡಿಕೆಯನ್ನು ಕೊಯ್ದು, ಒಂದೂವರೆ ತಿಂಗಳು ಬಿಸಿಲಿಗೆ ಹರವಿ, ಮಗುಚಿ, ಸುಲಿದು ಚಾಲಿ ಮಾಡಿ, ಚೀಲ ಕಟ್ಟಿ ಅಟ್ಟಕ್ಕೆ ಏರಿಸುತ್ತಾರೆ. ದರ ಏರುವವರೆಗೆ ಆ ಚೀಲಗಳ ಬಾಯಿ ಬಿಚ್ಚುವುದಿಲ್ಲ. ಪಕ್ಕದ ಮನೆಯ ಅರ್ಧ ಎಕರೆಯಲ್ಲೂ ಬೆಳೆದಿರುವುದು ಅದೇ ಅಡಿಕೆ. ಆದರೆ ಮಗಳ ಕಾಲೇಜು ಶುಲ್ಕಕ್ಕೋ ಅಮ್ಮನ ಆಸ್ಪತ್ರೆ ಖರ್ಚಿಗೋ ಮುಂಗಡ ಪಡೆದದ್ದರಿಂದ, ಅವರು ಕೊಯ್ಲಿಗೆ ಮೊದಲೇ ಫಸಲನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಅಂಗಳಕ್ಕೆ ಅಡಿಕೆ ಬರುವುದೇ ಇಲ್ಲ. ಮರದ ಮೇಲಿರುವಾಗಲೇ ಅದು ಬೇರೆಯವರ ಪಾಲಾಗಿರುತ್ತದೆ. ಇಬ್ಬರ ದುಡಿಮೆಯೂ ಒಂದೇ. ಮರಕ್ಕೊಂದು ಮರ ಎಂದು ಲೆಕ್ಕ ಹಾಕಿದರೂ ವರ್ಷದ ಕೊನೆಗೆ ಕೈಯಲ್ಲಿ ಉಳಿಯುವುದು ಮಾತ್ರ ಒಂದೇ ಅಲ್ಲ. ಈ ಅಂತರ ಮೂವತ್ತು ವರ್ಷ ಕೂಡುತ್ತಾ ಹೋದರೆ ಒಬ್ಬರ ಮಗ ಹೊಸ ತೋಟ ಹಾಕುತ್ತಾನೆ, ಇನ್ನೊಬ್ಬರ ಮಗ ಆ ಹೊಸ ತೋಟದಲ್ಲಿ ಕೂಲಿ ಮಾಡುತ್ತಾನೆ.

ಹೊಸ ತೋಟ ಹಾಕುವುದಕ್ಕೂ ಕಾಯಬೇಕು. ಅಡಿಕೆ ಸಸಿ ಫಲ ಕೊಡಲು ಐದರಿಂದ ಏಳು ವರ್ಷ ಹಿಡಿಯುತ್ತದೆ, ಆಮೇಲೆ ಹಲವು ದಶಕ ಬಾಳುತ್ತದೆ. ಆ ಮೊದಲ ಏಳು ವರ್ಷ ಉಣ್ಣಲು ಬೇರೆ ದಾರಿ ಇರುವವನೇ ನೆಡಬಲ್ಲ. ಈ ಕಷ್ಟ ಅರಿತವರೇ 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. ಇಟ್ಟ ಅಡಿಕೆಯ ಮೇಲೆ ಮುಂಗಡ ಕೊಡುವ ಸಹಕಾರಿ ಪದ್ಧತಿಯಿಂದಾಗಿ ಸಣ್ಣ ಹಿಡುವಳಿದಾರನಿಗೂ ಸ್ವಲ್ಪ ಕಾಲ ಕಾಯುವ ಶಕ್ತಿ ಬಂತು. ಇದು ನಮ್ಮ ಜಿಲ್ಲೆಯ ದೊಡ್ಡ ಸಾಧನೆಗಳಲ್ಲೊಂದು ಎಂದು ನಾನು ತಿಳಿದಿದ್ದೇನೆ. ಆದರೆ ಸಂಘದ ಬಾಗಿಲಿಗೆ ಹೋಗಬೇಕಾದರೂ ಅಡಿಕೆ ಇರಬೇಕು, ಅಡಿಕೆಗೆ ತೋಟವಿರಬೇಕು.

ಒಡೆಯರು, ಒಕ್ಕಲು ಎಂಬ ಮಾತುಗಳ ಹಿನ್ನೆಲೆ ಏನು?

ಬ್ರಿಟಿಷರ ಕಾಲದಲ್ಲಿ ಈ ಜಿಲ್ಲೆ ಮೊದಲು ಮದರಾಸು ಪ್ರಾಂತಕ್ಕೆ, 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಭೂಮಿಯ ಕಂದಾಯ ಕಟ್ಟುವವನು ಒಡೆಯ, ಗೇಯುವವನು ಒಕ್ಕಲು. ಗೇಯುವವನು ಒಡೆಯನಿಗೆ ಕೊಡುವ ಪಾಲೇ ಗೇಣಿ. ಅದರಲ್ಲಿ ಎರಡು ಬಗೆ: ಮೂಲಗೇಣಿ ಮತ್ತು ಚಾಲಗೇಣಿ. ಮೂಲಗೇಣಿಯವನದು ಶಾಶ್ವತ ಹಕ್ಕು. ಗೇಣಿ ಕೊಡುತ್ತಿರುವವರೆಗೆ ಅವನನ್ನು ಎಬ್ಬಿಸುವಂತಿರಲಿಲ್ಲ, ಅವನ ಮಕ್ಕಳಿಗೂ ಅದು ಮುಂದುವರಿಯುತ್ತಿತ್ತು. ಚಾಲಗೇಣಿಯವನದು ಒಡೆಯರ ಮರ್ಜಿಯ ಬದುಕು. ಈ ವ್ಯತ್ಯಾಸ ಕೇವಲ ಕಾನೂನಿನದಾಗಿರಲಿಲ್ಲ. ಮುಂದಿನ ವರ್ಷವೂ ಇದೇ ಗದ್ದೆ ತನಗಿದೆ ಎಂಬ ಭರವಸೆಯಿದ್ದವನು ಬದುವಿಗೆ ಕಲ್ಲು ಕಟ್ಟಿದ, ಅಂಚಿನಲ್ಲಿ ತೆಂಗು ನೆಟ್ಟ. ಭರವಸೆಯಿಲ್ಲದವನು ನೆಡಲಿಲ್ಲ, ನೆಟ್ಟಿದ್ದರೆ ಅದರ ಫಲ ಒಡೆಯರದಾಗುತ್ತಿತ್ತು. ಚಾಲಗೇಣಿಯ ಮನೆಗಳ ಮುಂದೆ ಹಳೆಯ ಮರಗಳು ಕಾಣದಿರುವುದಕ್ಕೆ ಸೋಮಾರಿತನವನ್ನು ಕಾರಣವಾಗಿ ಹೇಳುವವರು ಈ ಗೇಣಿಯ ಕಥೆಯನ್ನೊಮ್ಮೆ ಓದಬೇಕು.

1974ರ ಭೂಸುಧಾರಣೆಯಿಂದ ಇದೆಲ್ಲ ಮುಗಿಯಲಿಲ್ಲವೇ?

ಬಹಳಷ್ಟು ಮುಗಿಯಿತು, ಮತ್ತು ಅದನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ. ಇಲ್ಲಿ ದಿನಕರ ದೇಸಾಯಿಯವರು ಸ್ವಾತಂತ್ರ್ಯಕ್ಕೆ ಮೊದಲೇ ಅಂಕೋಲೆಯ ಸೀಮೆಯಲ್ಲಿ ಒಕ್ಕಲುಗಳನ್ನು ಸಂಘಟಿಸಿದ್ದರು. ಮುಂದೆ ದೇವರಾಜ ಅರಸರ ಸರಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಜಮೀನುಗಳೆಲ್ಲ ಸರಕಾರದಲ್ಲಿ ವಿಹಿತವಾದವು. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಕೊಟ್ಟರು, ಭೂನ್ಯಾಯ ಮಂಡಳಿಗಳು ವಿಚಾರಣೆ ನಡೆಸಿದವು. ಗೇಣಿ ಪದ್ಧತಿ ಹೆಚ್ಚಾಗಿದ್ದ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡಗಳಲ್ಲಿ ಇದರ ಪರಿಣಾಮ ರಾಜ್ಯದ ಬೇರೆಲ್ಲ ಕಡೆಗಿಂತ ಆಳವಾಗಿತ್ತು. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಪಟಗಾರರು ಮುಂತಾದ ಸಮುದಾಯಗಳ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹುಟ್ಟಿದ್ದು ಪಹಣಿಯಲ್ಲಿ ಅಪ್ಪನ ಹೆಸರು ಬಂದ ಮೇಲೆ.

ಆದರೆ ಆ ಅವಕಾಶವೂ ಎಲ್ಲರಿಗೂ ಒಂದೇ ಅಳತೆಯಲ್ಲಿ ಒದಗಲಿಲ್ಲ. ಅರ್ಜಿ ಹಾಕಲು ಧೈರ್ಯ ಬೇಕಿತ್ತು, ಸಾಬೀತು ಮಾಡಲು ಕಾಗದ ಬೇಕಿತ್ತು. ನನ್ನ ಅಜ್ಜನ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರಲ್ಲಿ ಅರಿವೆಯ ಗಂಟಿನೊಳಗೆ ಗೇಣಿ ಪಾವತಿಯ ಚೀಟಿಗಳು, ಅಂಚು ಗೆದ್ದಲು ತಿಂದು, ಶಾಯಿ ಮಾಸಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಆದರೂ ಯಾವುದನ್ನೂ ಎಸೆದಿರಲಿಲ್ಲ. ಆ ಚೀಟಿಗಳಿಂದ ನಮ್ಮ ಗದ್ದೆ ನಮಗೆ ದಕ್ಕಿತು. ಅದೇ ಕೇರಿಯಲ್ಲಿದ್ದ ಅಜ್ಜನ ಭಾವನಿಗೆ ಒಡೆಯರ ಮೇಲೆ ನಂಬಿಕೆ ಹೆಚ್ಚು. ಚೀಟಿ ಕೇಳುವುದೆಂದರೆ ಉಂಡ ಮನೆಯನ್ನು ಶಂಕಿಸಿದಂತೆ ಎಂದು ಅವರು ಭಾವಿಸಿದ್ದರು. ಗೇಣಿಯನ್ನು ಭತ್ತದಲ್ಲೇ ಅಳೆದುಕೊಟ್ಟು ಬರುತ್ತಿದ್ದರು. ಅವರ ಅರ್ಜಿ ಪುರಾವೆಯಿಲ್ಲವೆಂದು ಬಿದ್ದುಹೋಯಿತು. ಇಂದು ನಾನು ಕುಳಿತು ಇದನ್ನು ಬರೆಯುತ್ತಿರುವುದಕ್ಕೂ, ಅವರ ಮೊಮ್ಮಗ ಗೋವೆಯಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿರುವುದಕ್ಕೂ ನಡುವೆ ಬುದ್ಧಿಯ ವ್ಯತ್ಯಾಸವೇನೂ ಇಲ್ಲ. ಆ ಗಂಟು ನಮ್ಮಲ್ಲಿತ್ತು, ಅವರಲ್ಲಿರಲಿಲ್ಲ.

ಕೂಲಿಯವರ ಮಾತು ಇನ್ನೂ ಬೇರೆ. ಕಾಯಿದೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದೆ ಬರೀ ಮೈದುಡಿಮೆಯಿಂದ ಬದುಕಿದ ಕುಟುಂಬಗಳು ಮೊದಲೆಲ್ಲಿದ್ದವೋ ಬಹುತೇಕ ಅಲ್ಲೇ ಉಳಿದವು.

ಕಾಡಂಚಿನ "ಅತಿಕ್ರಮಣದಾರರು" ಯಾರು? ಅವರಿಗೂ ಮನೆತನಕ್ಕೂ ಏನು ಸಂಬಂಧ?

ಈ ಜಿಲ್ಲೆಯ ಭೂಮಿಯಲ್ಲಿ ಸುಮಾರು ಶೇಕಡಾ 80 ಭಾಗ ಅರಣ್ಯವೆಂದು ದಾಖಲಾಗಿದೆ. ಬೇಸಾಯಕ್ಕೆ ಉಳಿಯುವ ಚೂರಿನಲ್ಲಿ ಪಾಲು ಸಿಗದವರು ತಲೆಮಾರುಗಳಿಂದ ಕಾಡಂಚನ್ನು ಸಾಗುವಳಿ ಮಾಡಿಕೊಂಡು ಬಂದಿದ್ದಾರೆ. ಜನರ ಬಾಯಲ್ಲಿ ಅದು ಅತಿಕ್ರಮಣ ಜಮೀನು.

ಕಾಡಿನ ಬಳಕೆಯಲ್ಲೂ ಮನೆತನದ ಗುರುತಿದೆ. ಅಡಿಕೆ ತೋಟಕ್ಕೆ ಸೊಪ್ಪು ತರಲು ತೋಟಿಗರಿಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದಲೂ ಇದೆ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟವನ್ನು ಕೊಟ್ಟದ್ದುಂಟು. ತೋಟ ಇದ್ದವನಿಗೆ ಬೆಟ್ಟವೂ ಬಂತು, ತೋಟ ಇಲ್ಲದವನಿಗೆ ಎರಡೂ ಇಲ್ಲ. ಸೊಪ್ಪಿಲ್ಲದೆ ತೋಟ ಉಳಿಯದು ಎಂಬುದು ನಿಜ, ನಾನು ಆ ಸವಲತ್ತನ್ನು ಹಳಿಯುತ್ತಿಲ್ಲ. ಒಂದು ಆಸ್ತಿ ಇನ್ನೊಂದು ಹಕ್ಕನ್ನು ಹೇಗೆ ತನ್ನ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ.

2006ರ ಅರಣ್ಯ ಹಕ್ಕು ಕಾಯಿದೆಯಂತೂ ವಂಶದ ಪ್ರಶ್ನೆಯನ್ನು ಕಾನೂನಿನ ಅಕ್ಷರದಲ್ಲೇ ಬರೆದಿದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿಯಲ್ಲಿದ್ದರೆಂದು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳಾದರೆ ಆ ದಿನಕ್ಕೆ ಮೂರು ತಲೆಮಾರು, ಎಂದರೆ 75 ವರ್ಷ ಹಿಂದಿನಿಂದ ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಯಲ್ಲಾಪುರ, ಹಳಿಯಾಳದ ಕಾಡುಗಳ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರಿಗೆ ಮೊದಲ ನಿಯಮ ಅನ್ವಯಿಸಿತು. ಅದೇ ಕಾಡಂಚಿನ ಗೌಳಿ, ಕುಣಬಿ, ಹಾಲಕ್ಕಿ ಕುಟುಂಬಗಳಿಗೆ ಎರಡನೆಯದು. 1930ರಲ್ಲಿ ತನ್ನ ಅಜ್ಜ ಇದೇ ಗುಡಿಸಿಲಲ್ಲಿದ್ದ ಎಂದು ತೋರಿಸುವ ಕಾಗದವನ್ನು ಅಕ್ಷರವೇ ತಲುಪದಿದ್ದ ಮನೆಯಲ್ಲಿ ಯಾರು ಬರೆದಿಟ್ಟಿರುತ್ತಾರೆ? ಜಿಲ್ಲೆಯಲ್ಲಿ ಸಲ್ಲಿಸಿದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದದ್ದಕ್ಕೆ ಈ ಷರತ್ತೇ ಮುಖ್ಯ ಕಾರಣಗಳಲ್ಲೊಂದು. ಬಡವನ ಮನೆಯಲ್ಲಿ ಇಲ್ಲದಿರುವ ವಸ್ತುಗಳ ಪಟ್ಟಿಯಲ್ಲಿ ಹಳೆಯ ಕಾಗದವೂ ಸೇರಿದೆ, ಮತ್ತು ಅದರ ಬೆಲೆ ಕೆಲವೊಮ್ಮೆ ಬಂಗಾರಕ್ಕಿಂತ ಹೆಚ್ಚು.

ಪಹಣಿ ಇಲ್ಲದಿದ್ದರೆ ಆಗುವ ನಷ್ಟವಾದರೂ ಏನು? ಸಾಗುವಳಿ ನಡೆದೇ ಇದೆಯಲ್ಲ?

ಸಾಗುವಳಿ ನಡೆಯುತ್ತದೆ, ಬೆಳವಣಿಗೆ ನಡೆಯುವುದಿಲ್ಲ. ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆಸಾಲ, ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆ, ಅತಿವೃಷ್ಟಿಯ ಪರಿಹಾರ, ತೋಟಗಾರಿಕೆಯ ಸಹಾಯಧನ, ಎಲ್ಲವೂ ಪಹಣಿಯ ಹಿಂದೆ ಬರುತ್ತವೆ. ಕೊಳೆರೋಗದಿಂದಲೋ ಎಲೆಚುಕ್ಕಿ ರೋಗದಿಂದಲೋ ಎರಡು ತೋಟಗಳು ಒಂದೇ ವರ್ಷ ಹಾಳಾದರೆ, ಪಹಣಿ ಇದ್ದವನು ವಿಮೆಯ ಹಣದಿಂದ ಮುಂದಿನ ಮಳೆಗಾಲದ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ತರುತ್ತಾನೆ, ಇಲ್ಲದವನು ಕೈಸಾಲ ತರುತ್ತಾನೆ.

ಕರಾವಳಿಯ ಮೀನುಗಾರರಿಗೆ ಭೂಮಿಯೇ ಇಲ್ಲ. ಅವರಲ್ಲಿ ಸಂಪತ್ತು ಹೇಗೆ ಸಾಗುತ್ತದೆ?

ಸಮುದ್ರಕ್ಕೆ ಪಹಣಿ ಇಲ್ಲವಾದ್ದರಿಂದ ಅಲ್ಲಿ ಆಸ್ತಿ ಎಂದರೆ ದೋಣಿ, ಬಲೆ ಮತ್ತು ಕಲಿತ ಕಸುಬು. ದಂಡೆಯಿಂದ ಎಳೆಯುವ ದೊಡ್ಡ ಬಲೆಯಾದ ರಂಪಣಿಯ ಕಾಲದಲ್ಲಿ ಕಾರವಾರದ ದಂಡೆಯಲ್ಲಿ ಹತ್ತಾರು ಜನ ಸೇರಿ ಒಂದು ಬಲೆ ಎಳೆಯುತ್ತಿದ್ದರು. ಬಂದ ಮೀನಿನಲ್ಲಿ ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದವರಿಗೆಲ್ಲ ಪಾಲು. ದೊಡ್ಡ ಅಸಮಾನತೆಗೆ ಅಲ್ಲಿ ಜಾಗ ಕಡಿಮೆಯಿತ್ತು. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದಾಗ ಅವುಗಳಿಗೆ ದೊಡ್ಡ ಬಂಡವಾಳ ಬೇಕಾಯಿತು, ಬ್ಯಾಂಕಿನ ಸಾಲಕ್ಕೆ ಭದ್ರತೆ ಬೇಕಾಯಿತು. ಭದ್ರತೆ ಕೊಡಲು ಆಸ್ತಿಯಿದ್ದ ಮನೆಗಳು, ಕೆಲವೊಮ್ಮೆ ಮೀನುಗಾರರೇ ಅಲ್ಲದ ಮನೆಗಳು, ದೋಣಿಯ ಮಾಲೀಕರಾದವು. ಬಲೆಯಲ್ಲಿ ಪಾಲುಗಾರರಾಗಿದ್ದವರ ಮಕ್ಕಳು ದೋಣಿಯಲ್ಲಿ ಕೆಲಸದವರಾದರು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಕಾಲದಲ್ಲಿ ಈ ಅಂತರ ಕಣ್ಣಿಗೆ ಕಾಣುತ್ತದೆ: ಮಾಲೀಕರು ದೋಣಿಗೆ ಬಣ್ಣ ಬಳಿಸುತ್ತಾರೆ, ಕೆಲಸದವರ ಮನೆಯ ಹೆಂಗಸರು ಒಣಮೀನಿನ ಬುಟ್ಟಿ ಹೊತ್ತು ಘಟ್ಟದ ಬಸ್ಸು ಹತ್ತುತ್ತಾರೆ.

ಯೋಜನೆಗಳಿಗೆ ಭೂಮಿ ಕೊಟ್ಟವರಿಗೆ ಪರಿಹಾರ ಸಿಕ್ಕಿತಲ್ಲ, ಅವರು ಮುಂದೆ ಬರಲಿಲ್ಲವೇ?

ಕಾಳಿ ನದಿಯ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಕೊಂಕಣ ರೈಲು, ಸೀಬರ್ಡ್ ನೌಕಾನೆಲೆ: ಒಂದೇ ಜಿಲ್ಲೆ ಇಷ್ಟೊಂದು ಸಲ ಭೂಮಿ ಬಿಟ್ಟುಕೊಟ್ಟಿದೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್‌ಗಾಗಿ ಕಾರವಾರ ಮತ್ತು ಅಂಕೋಲಾ ನಡುವಣ ಕಡಲಂಚಿನ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋದವು. ಮೊದಲು ನಿಗದಿಯಾದ ಪರಿಹಾರ ಅತಿ ಕಡಿಮೆಯಿತ್ತು, ಹೆಚ್ಚಿನ ಮೊತ್ತ ಬಂದದ್ದು ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಹೋರಾಡಿದ ಮೇಲೆ. ಇಲ್ಲೂ ಕಾಯುವ ಮಾತೇ ಬಂತು ನೋಡಿ. ವಕೀಲರಿಗೆ ಕೊಡಲು ಹಣ, ತಾರೀಕಿಗೆ ಹೋಗಲು ಬಿಡುವು, ಅಷ್ಟು ವರ್ಷ ತಡೆದುಕೊಳ್ಳಲು ಬೇರೆ ಆದಾಯ ಇದ್ದವರಿಗೆ ಆ ದಾರಿ ಸುಲಭವಾಯಿತು. ಇನ್ನು ದಂಡೆಯಲ್ಲಿ ಬಲೆ ಒಣಗಿಸಿ ಬದುಕಿದ, ಹೆಸರಿನಲ್ಲಿ ಗುಂಟೆಯೂ ಇಲ್ಲದ ಮನೆಗಳಿಗೆ ಕಳೆದುಕೊಂಡದ್ದೇನೆಂದು ಕಾಗದದಲ್ಲಿ ತೋರಿಸುವುದೇ ಕಷ್ಟವಾಯಿತು. ಒಟ್ಟಿಗೆ ಬಂದ ಪರಿಹಾರದ ಹಣ ಮನೆ, ಮದುವೆ, ವಾಹನಗಳಿಗೆ ಕರಗಿದ್ದೂ ಉಂಟು. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂದು ಅವರತ್ತ ಬೆರಳು ತೋರಿಸುವುದನ್ನು ಕೇಳಿದ್ದೇನೆ. ಗದ್ದೆ ಗೇಯಲು ಬಲ್ಲವನ ಗದ್ದೆಯನ್ನೇ ತೆಗೆದುಕೊಂಡ ಮೇಲೆ ಕೂತಿದ್ದಾನೆ ಎಂದು ಹೇಳುವುದು ಸರಿಯಲ್ಲ.

ಹೆಣ್ಣುಮಕ್ಕಳಿಗೆ ಪಾಲು ಸಿಗುತ್ತದೆಯೇ?

ಕಾನೂನಿನಲ್ಲಿ ಸಿಗುತ್ತದೆ. ಕರ್ನಾಟಕವು ದೇಶಕ್ಕಿಂತ ಮೊದಲೇ, 1994ರಲ್ಲಿ, ಅದುವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಆ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು.

ಹಿಸೆಯ, ಎಂದರೆ ಆಸ್ತಿ ಪಾಲಾಗುವ ದಿನ ಜಗಲಿಯಲ್ಲಿ ನಡೆಯುವುದು ಬೇರೆ. ಅಣ್ಣತಮ್ಮಂದಿರು ಪಂಚಾಯಿತಿಗೆ ಕುಳಿತಿರುತ್ತಾರೆ, ಅಕ್ಕತಂಗಿಯರು ಒಳಗೆ ಪಾಯಸ ಕಲಕುತ್ತಿರುತ್ತಾರೆ, ಊಟದ ನಂತರ ಹಕ್ಕು ಬಿಡುಗಡೆ ಪತ್ರಕ್ಕೆ ಅವರ ಸಹಿ ಬೀಳುತ್ತದೆ. "ತವರಿನ ಬಾಗಿಲು ಮುಚ್ಚಬಾರದಲ್ಲ ತಮ್ಮಾ, ಅದಕ್ಕೆ ಸಹಿ ಹಾಕಿದೆ" ಎಂದು ನನ್ನ ದೊಡ್ಡಕ್ಕ ಹೇಳಿದ್ದು ನೆನಪಿದೆ. ಆಗ ನನ್ನ ಪಾಲು ಅಷ್ಟು ದೊಡ್ಡದಾಯಿತು, ಮತ್ತು ಅದು ನನಗೆ ಇಂದಿಗೂ ಭಾರವಾಗಿದೆ.

ವಿದ್ಯೆಯಿಂದ ಈ ಸರಪಳಿ ತುಂಡಾಗುವುದಿಲ್ಲವೇ?

ತುಂಡಾಗುತ್ತದೆ, ಮತ್ತು ಈ ಜಿಲ್ಲೆಯಲ್ಲಿ ತುಂಡಾದದ್ದನ್ನು ಕಣ್ಣಾರೆ ಕಂಡಿದ್ದೇವೆ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಾಡಿನಲ್ಲಿ ಪ್ರೌಢಶಾಲೆಗಳನ್ನು ತೆರೆದದ್ದು ಒಕ್ಕಲುಗಳ ಹೋರಾಟದ ಮುಂದುವರಿಕೆಯೇ ಆಗಿತ್ತೆಂದು ನಾನು ಭಾವಿಸುತ್ತೇನೆ. ಹೈಸ್ಕೂಲು ನಡೆದು ಹೋಗುವ ದೂರಕ್ಕೆ ಬಂದದ್ದರಿಂದಲೇ ಮೇಷ್ಟ್ರು, ಗುಮಾಸ್ತ, ನರ್ಸ್ ಆದವರ ಸಂಖ್ಯೆ ದೊಡ್ಡದು. ಭಟ್ಕಳದಲ್ಲಿ 1919ರಲ್ಲೇ ಅಂಜುಮನ್ ಶಿಕ್ಷಣ ಸಂಸ್ಥೆ ಹುಟ್ಟಿತ್ತು. ಮುಂದೆ ಕೊಲ್ಲಿ ದೇಶಗಳ ದುಡಿಮೆ ಆ ಊರಿನ ರೂಪವನ್ನೇ ಬದಲಿಸಿತು.

ಆದರೆ ವಿದ್ಯೆಯೂ ಕಾಯುವ ಬೆಳೆ. ಪದವಿಯ ನಂತರ ಎರಡು ಮೂರು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಧಾರವಾಡದಲ್ಲೋ ಬೆಂಗಳೂರಿನಲ್ಲೋ ಕೋಣೆ ಮಾಡಿಕೊಂಡಿರುವ ಹುಡುಗನ ಹಿಂದೆ ತೋಟವೊಂದು ದುಡಿಯುತ್ತಿರುತ್ತದೆ. ಅಷ್ಟೇ ಅಂಕ ಪಡೆದ ಇನ್ನೊಬ್ಬ, ಫಲಿತಾಂಶ ಬಂದ ವಾರವೇ ಕಾರವಾರದಿಂದ ಗೋವೆಗೆ ಹೋಗುವ ಬಸ್ಸಿನಲ್ಲಿರುತ್ತಾನೆ. ಮುಂಬಯಿ ಪ್ರಾಂತದ ಕಾಲದಿಂದ ಮುಂಬಯಿಯಲ್ಲಿ ಸಂಬಂಧಿಕರಿದ್ದ ಮನೆಗಳಿಗೆ ಇಳಿದುಕೊಳ್ಳಲು ಒಂದು ಕೋಣೆ, ಕೆಲಸಕ್ಕೊಂದು ಶಿಫಾರಸು ಮೊದಲೇ ಸಿದ್ಧವಿತ್ತು; ಪಹಣಿಯಲ್ಲಿ ಬರೆಯದ ಈ ಆಸ್ತಿಯೂ ತಂದೆಯಿಂದ ಮಗನಿಗೆ ದಾಟುತ್ತದೆ.

ಹಾಗಾದರೆ ಶ್ರೀಮಂತ ಮನೆತನಗಳು ಎಂದೂ ಇಳಿಯುವುದಿಲ್ಲವೇ?

ಇಳಿಯುತ್ತವೆ. ದೇಶದಲ್ಲಿ ಸರಾಸರಿ ಹಿಡುವಳಿ 1970-71ರಲ್ಲಿ 2.28 ಹೆಕ್ಟೇರ್ ಇದ್ದದ್ದು 2015-16ಕ್ಕೆ 1.08 ಹೆಕ್ಟೇರಿಗೆ ಬಂದಿದೆ. ನಾಲ್ಕು ಗಂಡುಮಕ್ಕಳ ಹಿಸೆ ಎರಡು ಸಲ ನಡೆದರೆ ದೊಡ್ಡ ತೋಟವೂ ಪಟ್ಟಿ ಪಟ್ಟಿಯಾಗುತ್ತದೆ. ದಾಯಾದಿ ವ್ಯಾಜ್ಯ, ದೊಡ್ಡ ಕಾಯಿಲೆ, ಮೈಮೀರಿದ ಮದುವೆಯ ಖರ್ಚು ಇಳಿಸಿದ ಮನೆಗಳನ್ನು ಎಲ್ಲರೂ ಬಲ್ಲರು. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲೆಗಳಲ್ಲಿ ಕರನಿರಾಕರಣೆ ಮಾಡಿದ ರೈತರ ಜಮೀನುಗಳನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಿತು, 1937ರಲ್ಲಿ ಕಾಂಗ್ರೆಸ್ ಸರಕಾರ ಬಂದ ಮೇಲೆ ಅವು ಮರಳಿದವು. ನಾಡಿಗಾಗಿ ಆ ವರ್ಷಗಳಷ್ಟೂ ನೆಲವಿಲ್ಲದೆ ಬದುಕಿದ ಮನೆಗಳನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ.

ಈಗ ಮಲೆನಾಡಿನ ಎಷ್ಟೋ ದೊಡ್ಡ ಮನೆಗಳಲ್ಲಿ ಇಬ್ಬರು ವೃದ್ಧರು ಮಾತ್ರ ಇದ್ದಾರೆ, ಮಕ್ಕಳು ಬೆಂಗಳೂರಿನಲ್ಲಿ. ಅದನ್ನು ಇಳಿತ ಎನ್ನಬೇಕೋ ಎಂಬುದರಲ್ಲಿ ನನಗೆ ಅನುಮಾನವಿದೆ: ಸಂಪತ್ತು ಊರು ಬಿಟ್ಟಿದೆ, ಮನೆತನವನ್ನು ಬಿಟ್ಟಿಲ್ಲ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಇದ್ದ ತಡೆಗಳನ್ನು 2020ರ ತಿದ್ದುಪಡಿ ತೆಗೆದ ಮೇಲೆ, ಹಾಗೆ ಬಿಟ್ಟ ಜಮೀನನ್ನು ಕೊಳ್ಳಲು ಪಟ್ಟಣದ ಹಣವೂ ಬರಬಹುದು. ಪಕ್ಕದ ಅರ್ಧ ಎಕರೆಯವನು ಆ ಬೆಲೆಗೆ ಕೈ ಚಾಚಲಾರ.

ನಮ್ಮದು ಸಾಮಾನ್ಯ ಮನೆ. ಈಗ ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಮೊದಲು ಪಹಣಿ ತೆಗೆಸಿ ನೋಡಿ. ತೀರಿಹೋದ ಅಜ್ಜನ ಹೆಸರೇ ಅದರಲ್ಲಿದ್ದರೆ ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರದೊಂದಿಗೆ ವಾರಸಾ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಹೆಸರು ಬದಲಾಗದಿದ್ದರೆ ಸಾಲ, ವಿಮೆ, ಪರಿಹಾರ ಎಲ್ಲವೂ ತಡೆಯುತ್ತವೆ. ವಂಶವೃಕ್ಷ ಬರೆಸುವಾಗ ಅಕ್ಕತಂಗಿಯರ ಹೆಸರು ಬಿಡಬೇಡಿ. ಹಿಸೆ ಬಾಯಿಮಾತಿನಲ್ಲೇ ಉಳಿದಿದ್ದರೆ ನೋಂದಾಯಿಸಿ, ಪೋಡಿ (ಅಳತೆ ಮಾಡಿ ನಿಮ್ಮ ಪಾಲನ್ನು ದಾಖಲೆಯಲ್ಲಿ ಬೇರ್ಪಡಿಸುವುದು) ಮಾಡಿಸಿಕೊಳ್ಳಿ.

ಅತಿಕ್ರಮಣ ಜಮೀನಿನವರಾದರೆ ಹಳೆಯ ದಂಡದ ರಸೀದಿಯನ್ನೂ ಎಸೆಯಬೇಡಿ. ನಿಮ್ಮ ಅಜ್ಜನಿಗೆ ದಂಡ ಹಾಕಿದ ಕಾಗದವೇ ಅವರು ಅಲ್ಲಿದ್ದರೆಂಬುದಕ್ಕೆ ಸಾಕ್ಷಿ. ಅರಣ್ಯ ಹಕ್ಕು ನಿಯಮಗಳು ಊರಿನ ಹಿರಿಯರ ಲಿಖಿತ ಹೇಳಿಕೆಯನ್ನೂ ಪುರಾವೆಯಾಗಿ ಒಪ್ಪುತ್ತವೆ. ತೊಂಬತ್ತು ದಾಟಿದ ಅಜ್ಜಿ ಕೇರಿಯಲ್ಲಿದ್ದರೆ ಮಳೆಗಾಲ ಹಿಡಿಯುವ ಮೊದಲೇ ಅವರ ಬಳಿ ಹೋಗಿ ಕುಳಿತುಕೊಳ್ಳಿ. ಯಾರ ಮನೆ ಎಲ್ಲಿತ್ತು, ಯಾವ ಮರದ ಬುಡದಲ್ಲಿ ಚೌಡಿಯ ಕಲ್ಲಿತ್ತು, ಹಳೆಯ ಬಾವಿ ತೋಡಿದವರು ಯಾರು ಎಂದು ಕೇಳಿ, ಅವರು ಹೇಳಿದ ಹಾಗೆಯೇ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ, ತಾರೀಕು ನಮೂದಿಸಿ ಗ್ರಾಮ ಅರಣ್ಯ ಹಕ್ಕು ಸಮಿತಿಗೆ ಕೊಡಿ. ಅದರ ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಲಿ.